ದನಿ ಒಡೆಯುವುದು ಬಿಳಿ ನಾಲ್ಕರಲ್ಲಿ

ಪ್ರಶ್ನೆ: ಮೇಡಂ, ನನಗೆ 23 ವರ್ಷ. ಊರು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ. ಮನೆಯಲ್ಲಿ ಅಡಿಕೆ ತೋಟ. ಎರಡು ವರ್ಷದಿಂದ ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಭಾಗವತಿಕೆ, ಅಂದರೆ ಪದ್ಯ ಹೇಳುವುದನ್ನು, ಕಲಿಯುತ್ತಿದ್ದೇನೆ. ನನ್ನ ಶ್ರುತಿ ಕಪ್ಪು 1 (ಹಾರ್ಮೋನಿಯಂನ ಮೊದಲ ಕಪ್ಪು ಮನೆ). ಮೋಹನ ರಾಗದ ಪದ್ಯಗಳಲ್ಲಿ ತಾರ ಷಡ್ಜ (ಮೇಲಿನ ಸಪ್ತಕದ ಸ) ಚೆನ್ನಾಗಿ ಬರುತ್ತದೆ, ರಿಷಭವೂ ಪರವಾಗಿಲ್ಲ, ಗಾಂಧಾರಕ್ಕೆ ಹೋದರೆ ದನಿ ಒಡೆಯುತ್ತದೆ. ನಮ್ಮ ಹವ್ಯಾಸಿ ತಂಡದವರು "ಕಪ್ಪು 2ಕ್ಕೆ ಬಾ, ಇಲ್ಲದಿದ್ದರೆ ಆಟ ಏರೋದಿಲ್ಲ" ಅನ್ನುತ್ತಾರೆ. ಅಲ್ಲಿ ತಾರ ರಿಷಭದಲ್ಲೇ ಒಡೆಯುತ್ತದೆ. ಜೋರು ಹಾಕಿದರೆ ಹೇಗೋ ಸಿಗುತ್ತದೆ, ಆದರೆ ಮರುದಿನ ಮಧ್ಯಾಹ್ನದವರೆಗೆ ಗಂಟಲು ಕಟ್ಟಿರುತ್ತದೆ. ದನಿಯ ವ್ಯಾಪ್ತಿ ಹುಟ್ಟಿನಿಂದ ಬಂದದ್ದಾ, ಬೆಳೆಸಬಹುದಾ? ಜ್ಯೇಷ್ಠಮಧು ತಿಂದರೆ ಅನುಕೂಲ ಆಗುತ್ತದಾ? ಬರುವ ಶನಿವಾರ ಒಂದು ಆಟ ಬೇರೆ ಇದೆ.

ಉತ್ತರ: ಮೊದಲು ಹಾರ್ಮೋನಿಯಂ ಎಳೆದುಕೊಳ್ಳಿ. ಕಪ್ಪು 1ನ್ನು ಷಡ್ಜ ಮಾಡಿಕೊಂಡು ಮೋಹನದ ಗಾಂಧಾರ ಎಲ್ಲಿ ಬರುತ್ತದೆ ನೋಡಿ. ಬಿಳಿ 4. ಈಗ ಕಪ್ಪು 2ನ್ನು ಷಡ್ಜ ಮಾಡಿ, ರಿಷಭ ಹುಡುಕಿ. ಅದೂ ಬಿಳಿ 4.

ನಿಮ್ಮ ದನಿಗೆ ಗಾಂಧಾರದ ಮೇಲೂ ಸಿಟ್ಟಿಲ್ಲ, ರಿಷಭದ ಮೇಲೂ ಸಿಟ್ಟಿಲ್ಲ. ಶ್ರುತಿ ಬದಲಾದರೂ ಅದು ಒಡೆಯುತ್ತಿರುವುದು ಒಂದೇ ಮನೆಯಲ್ಲಿ. ಧ್ವನಿತಂತುಗಳು ಸೆಕೆಂಡಿಗೆ ಸುಮಾರು 350 ಸಲ ಬಡಿದುಕೊಳ್ಳುವ ಜಾಗ ಅದು. ಇದು ನಿಮ್ಮೊಬ್ಬರ ದೋಷವೂ ಅಲ್ಲ. ಬಹಳಷ್ಟು ಗಂಡುದನಿಗಳು ತಡವರಿಸುವುದು ಬಿಳಿ 2ರಿಂದ ಕಪ್ಪು 3ರ ನಡುವೆಯೇ. ನಾನು ಕಲಿಸುವುದು ಹಿಂದೂಸ್ತಾನಿ. ಆದರೆ ಭಾಗವತಿಕೆಯ ಹುಡುಗರೂ ಬರುತ್ತಾರೆ, ಭಜನೆಯವರೂ ಬರುತ್ತಾರೆ. ಎಲ್ಲರೂ ಮೇಲಿನ ಸ್ವರ ಇಲ್ಲ ಅಂತಲೇ ಬರುತ್ತಾರೆ. ನೋಡಿದರೆ ಮೇಲಿನ ಸ್ವರ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ಇರುವುದಿಲ್ಲ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ತೋಟದ ಆಚೆ ತುದಿಯಲ್ಲಿ ಇರುವವರನ್ನು "ಕೂಊಊ" ಅಂತ ಕೂ ಹಾಕಿ ಕರೆಯುತ್ತೀರಲ್ಲ? ಹಾಗೇ ಒಂದು ಕೂ ಹಾಕಿ, ಅದು ಯಾವ ಮನೆಗೆ ಬಂತು ಅಂತ ಹಾರ್ಮೋನಿಯಂ ಮೇಲೆ ಹುಡುಕಿ. ಬಿಳಿ 4ಕ್ಕಿಂತ ಎಷ್ಟೋ ಮೇಲೆ ಸಿಕ್ಕೀತು. ಗಂಟಲು ನೋಯಲಿಲ್ಲ, ಕತ್ತಿನ ನರ ಉಬ್ಬಲಿಲ್ಲ, ಅಲ್ವಾ? ಆ ಎತ್ತರ ನಿಮ್ಮದೇ. ಅದು ತೆಳ್ಳಗಿದೆ, ಪದ್ಯ ಹೇಳುವ ದನಿಯ ಹಾಗೆ ಇಲ್ಲ, ಅಷ್ಟೇ.

ಯಾಕೆ ಹೀಗೆ ಅಂತ ಸ್ವಲ್ಪ ಒಳಗೆ ಹೋಗೋಣ. ಗಂಟಲಿನ ಮುಂದೆ ಕೈಗೆ ಸಿಗುವ ಉಬ್ಬಿನ ಹಿಂದೆ ಎರಡು ಧ್ವನಿತಂತುಗಳಿವೆ. ತಂತು ಅಂತ ಹೆಸರು, ನಿಜವಾಗಿ ಅವು ಮೆತ್ತನೆಯ ಎರಡು ಮಡಿಕೆಗಳು. ಉದ್ದ ಗಂಡಸರಲ್ಲಿ ಎರಡು ಸೆಂಟಿಮೀಟರ್ ಆಸುಪಾಸು, ಹೆಂಗಸರಲ್ಲಿ ಇನ್ನೂ ಕಡಿಮೆ. ಇವುಗಳ ಮೇಲೆ ಮುಖ್ಯವಾಗಿ ಎರಡು ಸ್ನಾಯುಗಳ ಕಾರುಬಾರು. ಒಂದು ಮಡಿಕೆಯ ಒಳಗೇ ಇದೆ. ಅದು ಬಿಗಿದರೆ ತಂತು ಗಿಡ್ಡ ಆಗುತ್ತದೆ, ದಪ್ಪ ಆಗುತ್ತದೆ. ಮಾತಾಡುವಾಗ, ಮಂದ್ರ–ಮಧ್ಯದಲ್ಲಿ (ಕೆಳಗಿನ, ನಡುವಿನ ಸಪ್ತಕದಲ್ಲಿ) ಹಾಡುವಾಗ ಇದರದ್ದೇ ಜೋರು. ಇನ್ನೊಂದು ಹೊರಗಿದೆ. ಅದು ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು ಓರೆ ಮಾಡಿ ತಂತುಗಳನ್ನು ಉದ್ದಕ್ಕೆ ಎಳೆಯುತ್ತದೆ. ತಂತು ಉದ್ದ ಆಗಿ, ತೆಳ್ಳಗಾಗಿ, ಬಿಗಿಯಾಗಿ, ಸ್ವರ ಏರುತ್ತದೆ. ಕೂ ಹಾಕುವಾಗ ಹೆಚ್ಚಿನ ಕೆಲಸ ಈ ಎರಡನೆಯದರದ್ದು.

ಮೇಲೆ ಹೋಗುತ್ತಾ ಹೋಗುತ್ತಾ ಮೊದಲನೆಯದು ಸ್ವಲ್ಪ ಸ್ವಲ್ಪವೇ ಬಿಡಬೇಕು, ಎರಡನೆಯದು ಸ್ವಲ್ಪ ಸ್ವಲ್ಪವೇ ಹಿಡಿಯಬೇಕು. ನೀವು ಮಾಡುತ್ತಿರುವುದೇನು? ತಾರ ಷಡ್ಜದ ತನಕ ಮಾತಿನ ದಪ್ಪ ದನಿಯನ್ನೇ ಎಳೆದುಕೊಂಡು ಹೋಗುತ್ತೀರಿ. ಬಿಳಿ 4ರಲ್ಲಿ ಒಳಗಿನ ಸ್ನಾಯುವಿಗೆ ಆಗುವುದಿಲ್ಲ, ಒಮ್ಮೆಲೇ ಕೈಬಿಡುತ್ತದೆ. ದನಿ ಒಡೆಯುವುದು ಅಂದರೆ ಆ ಕೈಬಿಟ್ಟ ಸದ್ದು.

(ಈ ತಂತುಗಳು ಹಾಡುವಾಗ ಏನು ಮಾಡುತ್ತವೆ ಅಂತ ನೋಡಲೇಬೇಕು ಅಂತ ಹಟ ಹಿಡಿದವರು ವೈದ್ಯರಲ್ಲ, ಒಬ್ಬ ಸಂಗೀತದ ಮೇಷ್ಟ್ರು. ಸ್ಪೇನ್ ಮೂಲದ ಮ್ಯಾನುಯೆಲ್ ಗಾರ್ಸಿಯಾ, 1854ರಲ್ಲಿ, ದಂತವೈದ್ಯರ ಪುಟ್ಟ ಕನ್ನಡಿಯನ್ನು ಬಾಯೊಳಗೆ ಇಟ್ಟುಕೊಂಡು, ಬಿಸಿಲನ್ನು ಅದರ ಮೇಲೆ ಬೀಳಿಸಿ, ತಮ್ಮ ಗಂಟಲನ್ನು ತಾವೇ ನೋಡಿದರು. 101 ವರ್ಷ ಬದುಕಿದರು. ನನ್ನ ವಿದ್ಯಾರ್ಥಿಗಳಿಗೆ ಈ ಕಥೆ ಹೇಳಿ ಹೇಳಿ ಅವರಿಗೆ ಬೇಸರ ಬಂದಿದೆ.)

ಇನ್ನು "ಜೋರು ಹಾಕಿದರೆ ಸಿಗುತ್ತದೆ" ಅಂದಿರಲ್ಲ, ನನಗೆ ಹೆದರಿಕೆ ಆಗುವುದು ಆ ಮಾತಿಗೆ. ತಂಬೂರಿಯ ತಂತಿಯನ್ನು ಎಷ್ಟು ಜೋರಾಗಿ ಮೀಟಿದರೂ ಸದ್ದು ಜಾಸ್ತಿ ಆಗುತ್ತದೆಯೇ ಹೊರತು ಷಡ್ಜ ರಿಷಭ ಆಗುವುದಿಲ್ಲ. ಅದಕ್ಕೆ ಬಿರಡೆ ತಿರುಗಿಸಬೇಕು. ಗಂಟಲು ಮಾತ್ರ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. ಕೆಳಗಿನಿಂದ ಗಾಳಿಯನ್ನು ಜೋರಾಗಿ ದೂಡಿದರೆ ಸ್ವರ ಒಂಚೂರು ಏರುತ್ತದೆ. ಆ ಒಂಚೂರನ್ನೇ ನಂಬಿ ನಾವು ಬಿರಡೆ ತಿರುಗಿಸುವುದು ಬಿಟ್ಟು ದೂಡುತ್ತಾ ಕೂರುತ್ತೇವೆ. ದಪ್ಪ ತಂತುಗಳು ಸೆಕೆಂಡಿಗೆ 350 ಸಲ ಒಂದಕ್ಕೊಂದು ಅಪ್ಪಳಿಸುತ್ತವೆ. ಒಂದು ಆಟದಲ್ಲಿ ಅದು ಎಷ್ಟು ಲಕ್ಷ ಸಲ ಆಯಿತು ಅಂತ ನೀವೇ ಲೆಕ್ಕ ಹಾಕಿ. ಮರುದಿನ ಅವು ಬಾತುಕೊಳ್ಳದೆ ಇನ್ನೇನಾಗಬೇಕು?

ಇದು ಪುಸ್ತಕ ಓದಿ ಹೇಳುತ್ತಿರುವುದಲ್ಲ. 26ನೇ ವಯಸ್ಸಿನಲ್ಲಿ ನನಗೂ ಹೀಗೇ ಆಯಿತು. ನನ್ನದು ಕಪ್ಪು 4ರ ದನಿ. ಆಗ ಕಲಿಸುತ್ತಿದ್ದವರು "ಹೆಂಗಸರಾಗಿ ಇಷ್ಟು ತಗ್ಗಿ ಹಾಡ್ತೀಯಾ" ಅಂತ ಕಪ್ಪು 5ಕ್ಕೆ ಏರಿಸಿದರು. ಎರಡೇ ಮನೆ ಜಾಸ್ತಿ, ಏನಾಗುತ್ತೆ ಅಂದುಕೊಂಡೆ. ಒಂದು ಮಳೆಗಾಲ ಪೂರ್ತಿ ಅಲ್ಲೇ ಹಾಡಿದೆ. ನವರಾತ್ರಿ ಹೊತ್ತಿಗೆ ಮಾತಾಡುವ ದನಿಯೂ ಬೊಗಸೆಯಲ್ಲಿನ ನೀರಿನ ಹಾಗೆ ಸೋರಿ ಹೋಗುತ್ತಿತ್ತು. ಹುಬ್ಬಳ್ಳಿಯಲ್ಲಿ ಗಂಟಲೊಳಗೆ ಕ್ಯಾಮೆರಾ ಹಾಕಿ ನೋಡಿದರು. ಎರಡೂ ತಂತುಗಳ ಮೇಲೆ ಎದುರುಬದುರು ಸಣ್ಣ ಗಂಟುಗಳು. ಆಪರೇಷನ್ ಇಲ್ಲದೆ ವಾಸಿಯಾಯಿತು, ಆದರೆ ನಾಲ್ಕು ತಿಂಗಳು ಹಾಡಲಿಲ್ಲ. ಮತ್ತೆ ಸ್ವರ ಹಚ್ಚಿದ್ದು ಕಪ್ಪು 4ರಲ್ಲಿ. ಇವತ್ತಿಗೂ ಅಲ್ಲೇ ಇದ್ದೇನೆ.

ಈಗ ಅಭ್ಯಾಸಕ್ಕೆ ಬರೋಣ. ಎಲ್ಲರೂ ಕೆಳಗಿನಿಂದ ಮೇಲೆ ಹತ್ತಲು ನೋಡುತ್ತಾರೆ. ನೀವು ಮೇಲಿನಿಂದ ಇಳಿಯಿರಿ. ಅದೇ ಕೂ ಹಾಕುವ ದನಿಯನ್ನು ತೀರಾ ಮೆಲ್ಲಗೆ, ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಏಳದಷ್ಟು ಮೆಲ್ಲಗೆ, "ಊ" ಅಂತ ಮೇಲಿನ ಕಪ್ಪು 4ರಲ್ಲಿ ಹಿಡಿಯಿರಿ. ಅಲ್ಲಿಂದ ಜಾರುತ್ತಾ ಕಪ್ಪು 3, ಬಿಳಿ 4, ಬಿಳಿ 3, ಹೀಗೆ ಬಿಳಿ 1ರ ತನಕ ಬನ್ನಿ. ನಿಮ್ಮ ಕೆಲಸ ಒಂದೇ. ಬಿಳಿ 4ರ ಹತ್ತಿರ ದಪ್ಪ ದನಿ "ನಾನು ಬಂದೆ" ಅಂತ ನುಗ್ಗಲು ನೋಡುತ್ತದೆ. ಬಿಡಬೇಡಿ. ತೆಳು ದನಿಯನ್ನೇ ಆದಷ್ಟು ಕೆಳಗೆ ಕರೆದುಕೊಂಡು ಬನ್ನಿ. ಮೊದಲ ಎರಡು ವಾರ ಗಾಳಿ ಗಾಳಿಯಾಗಿ, ಕೀರಲಾಗಿ, ಕೇಳಲಿಕ್ಕೇ ನಾಚಿಕೆ ಆಗುವ ಹಾಗೆ ಇರುತ್ತದೆ. ಇರಲಿ. ಮನೆಯವರು ನಗುತ್ತಾರೆ. ನಗಲಿ.

ಜಾರುವಾಗ ದನಿ ತುಂಡಾಗುತ್ತಿದ್ದರೆ ತುಟಿ ಸಡಿಲ ಬಿಟ್ಟು, ಮಕ್ಕಳು ಬಸ್ಸು ಬಿಟ್ಟ ಹಾಗೆ "ಬುರ್ರ್" ಅನ್ನಿಸುತ್ತಾ ಅದೇ ಜಾಡಿನಲ್ಲಿ ಇಳಿಯಿರಿ. ಇಲ್ಲವೇ ಒಂದು ಸ್ಟ್ರಾವನ್ನು ಅರ್ಧ ಲೋಟ ನೀರಿನಲ್ಲಿ ಎರಡು ಬೆರಳಿನಷ್ಟು ಮುಳುಗಿಸಿ, ಅದರೊಳಗೆ "ಊ" ಹಾಡಿ. ಗುಳುಗುಳು ಒಂದೇ ಸಮ ಬರಬೇಕು. ಬಾಯಿ ಅರ್ಧ ಮುಚ್ಚಿದ ಹಾಗೆ ಆದಾಗ ಒಳಗಿನ ಗಾಳಿ ವಾಪಸ್ ತಂತುಗಳ ಮೇಲೆ ಸ್ವಲ್ಪ ಒತ್ತುತ್ತದೆ. ಅವು ಅಪ್ಪಳಿಸದೆ, ಮೆಲ್ಲಗೆ ತಾಗಿ ಬಿಡುತ್ತವೆ. ಧ್ವನಿ ಚಿಕಿತ್ಸೆಯವರೂ ಇದನ್ನೇ ಮಾಡಿಸುತ್ತಾರೆ. ಚಿಕ್ಕವರಿದ್ದಾಗ ಪಪ್ಪಾಯಿ ಎಲೆಯ ದಂಟನ್ನು ಪೀಪಿ ಮಾಡಿ ಊದಿದ್ದು ನೆನಪಿರಬೇಕು. ತತ್ವ ಅದೇ. ದಂಟು ಮಾತ್ರ ಬೇಡ, ಅದರ ಹಾಲು ತುಟಿ ಸುಡುತ್ತದೆ.

ದಿನಕ್ಕೆ ಎರಡು ಸಲ, ಸಲಕ್ಕೆ 10–15 ನಿಮಿಷ ಸಾಕು. ಒಂದೇ ಸಲ ಒಂದು ಗಂಟೆ ಕೂರುವುದು ಬೇಡ. ಒಂದು ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಕೆಳಗಿನಿಂದ ಮೇಲೆ ಹೋಗಿ. ಆಮೇಲೆ ಬಿಳಿ 3ರಲ್ಲಿ ನಿಂತು ಮೆಲ್ಲಗೆ ಶುರು ಮಾಡಿ, ನಿಧಾನಕ್ಕೆ ದೊಡ್ಡದು ಮಾಡಿ, ಮತ್ತೆ ಮೆಲ್ಲಗೆ ತನ್ನಿ. ದೊಡ್ಡದು ಮಾಡುವಾಗ ಒಡೆಯದೆ ಇದ್ದರೆ ಬಿಳಿ 4. ಇದು ಕಷ್ಟದ ಪಾಠ, ಅವಸರ ಬೇಡ. ತೆಳು ದನಿಗೆ ತೂಕ ಬರುವುದು ಇಲ್ಲಿಯೇ. ನನ್ನ ಹತ್ತಿರ ಬಂದವರಿಗೆ ಮೂರು ತಿಂಗಳಿಂದ ವರ್ಷದ ತನಕ ಹಿಡಿದಿದೆ.

ಕನ್ನಡಿ ಎದುರು ಕೂತು ಮಾಡಿ. ಮೇಲಿನ ಸ್ವರ ಬರುತ್ತಿದ್ದ ಹಾಗೆ ನಮ್ಮ ಗದ್ದ ತಾನಾಗಿ ಆಕಾಶ ನೋಡುತ್ತದೆ, ಸ್ವರ ಅಟ್ಟದ ಮೇಲೆ ಇದೆಯೋ ಏನೋ ಅನ್ನುವ ಹಾಗೆ. ಕತ್ತಿನ ಮುಂದಿನ ಸ್ನಾಯುಗಳು ಆಗ ಎಳೆದುಕೊಳ್ಳುತ್ತವೆ. ಗದ್ದ ನೆಲಕ್ಕೆ ಸಮ ಇರಲಿ, ದವಡೆ ಸಡಿಲ ಇರಲಿ. ಗಂಟಲ ಉಬ್ಬಿನ ಮೇಲೆ ಬೆರಳಿಡಿ. ಅದು ಸ್ವಲ್ಪ ಮೇಲೆ ಹೋಗುವುದು ಸಹಜ. ದವಡೆಯ ಕೆಳಗೆ ಹೋಗಿ ಕಚ್ಚಿಕೊಂಡರೆ ನಿಲ್ಲಿಸಿ, ಎರಡು ಮನೆ ಕೆಳಗೆ ಬನ್ನಿ.

ಉಸಿರಿನ ವಿಷಯದಲ್ಲಿ ಒಂದು ಮಾತು. "ಹೊಟ್ಟೆಯಿಂದ ಹಾಡು" ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ಕೇಳಿದವರು ಹೊಟ್ಟೆಯನ್ನು ಒಳಗೆ ಒತ್ತಿ ಗಾಳಿ ಸುರಿಯುತ್ತಾರೆ. ಏರು ಸ್ವರಕ್ಕೆ ಒತ್ತಡ ಬೇಕು, ನಿಜ. ಅದನ್ನು ಹಿಡಿದು ಹಿಡಿದು ಕೊಡಬೇಕು. ಪಕ್ಕೆ ಅಗಲಿಸಿಕೊಂಡೇ ಇರಿ, ಉಸಿರು ತೆಗೆದುಕೊಂಡಾಗ ಹೇಗಿತ್ತೋ ಹಾಗೆ. ಏರು ಸಾಲಿಗೆ ಮುಂಚೆ ಎದೆ ಬಿರಿಯುವಷ್ಟು ಗಾಳಿ ಎಳೆಯಬೇಡಿ. ಸಾಲು ಚಿಕ್ಕದಿದ್ದರೆ ಮಾತಾಡುವಾಗಿನ ಉಸಿರಿಗಿಂತ ಸ್ವಲ್ಪ ಜಾಸ್ತಿ ಸಾಕು.

ಅಕ್ಷರಗಳನ್ನೂ ಗಮನಿಸಿ. "ಶ್ರೀ", "ದೇವೀ" ಅಂತ ಈಕಾರ ತಾರದಲ್ಲಿ ಬಂದರೆ ದನಿ ಬೇಗ ಹಿಡಿದುಕೊಳ್ಳುತ್ತದೆ. "ಈ" ಹೇಳುವಾಗ ಬಾಯೊಳಗೆ ಸಹಜವಾಗಿ ಮೊಳಗುವ ಮೊದಲ ಕಂಪನ ಸೆಕೆಂಡಿಗೆ ಸುಮಾರು 300ರ ಹತ್ತಿರ ಇರುತ್ತದೆ. ನಿಮ್ಮ ಸ್ವರ ಅದನ್ನು ದಾಟಿ ಮೇಲೆ ಹೋದಾಗ ಬಾಯಿಯ ಆಕಾರ ಸ್ವರದ ಜೊತೆ ನಿಲ್ಲುವುದಿಲ್ಲ. ದವಡೆ ಒಂದು ಬೆರಳಿನಷ್ಟು ಬಿಟ್ಟು, "ಈ"ಯನ್ನು "ಎ" ಕಡೆಗೆ ಒಂದು ಎಳೆ ವಾಲಿಸಿ. ಕೇಳುವವರಿಗೆ "ಶ್ರೀ" ಅಂತಲೇ ಕೇಳುತ್ತದೆ. "ಆ" ಇದ್ದರೆ ಬಾಯಿ ಅಗಲ ಮಾಡಿ ಕಿರುಚಬೇಡಿ, ಒಳಗೆ ಮಾತ್ರ "ಒ" ಅನ್ನುವ ನೆನಪು ಇಟ್ಟುಕೊಳ್ಳಿ. ಎಷ್ಟು ವಾಲಿಸಬಹುದು ಅನ್ನುವುದನ್ನು ನಿಮ್ಮ ಗುರುಗಳನ್ನು ಕೇಳಿ. ಮಟ್ಟು (ಪದ್ಯದ ಧಾಟಿ), ತಾಳ, ಸಾಹಿತ್ಯದ ಉಚ್ಚಾರ ಇವೆಲ್ಲ ಅವರ ಮಾತೇ ಕೊನೆ.

ವ್ಯಾಪ್ತಿ ಹುಟ್ಟಿನಿಂದಲೇ ಅಂತ ಕೇಳಿದಿರಿ. ತಂತುವಿನ ಉದ್ದ, ದಪ್ಪ ಹುಟ್ಟಿನದು. ದನಿ ಒಡೆಯುವ ವಯಸ್ಸು ದಾಟಿದ ಮೇಲೆ ಅದು ಹೆಚ್ಚು ಬದಲಾಗುವುದಿಲ್ಲ. ಇರುವ ತಂತುವನ್ನು ಎಷ್ಟು ಎಳೆಯಬಲ್ಲಿರಿ ಅನ್ನುವುದು ಕಲಿಕೆ. ಮಂದ್ರ ಪಂಚಮದಿಂದ ತಾರ ಪಂಚಮದ ತನಕ, ಅಂದರೆ ಎರಡು ಸಪ್ತಕ, ಕಲಿತರೆ ಬಹಳ ಜನಕ್ಕೆ ಸಿಗುತ್ತದೆ. ಬೆಳಿಗ್ಗೆ ಖರ್ಜ (ಮಂದ್ರ ಸ್ವರಗಳ) ಸಾಧನೆ ಮಾಡಿದರೆ ತಾರ ತಾನಾಗಿ ಬರುತ್ತದೆ ಅಂತ ಒಂದು ಮಾತಿದೆ. ನನ್ನ ಅನುಭವ ಹಾಗಿಲ್ಲ. ಮಂದ್ರದಲ್ಲಿ ಮೆಲ್ಲಗೆ ಹಾಡಿದರೆ ಗಂಟಲು ಸಡಿಲ ಆಗುತ್ತದೆ, ಒಳ್ಳೆಯದೇ. ಆದರೆ ಬಿಳಿ 4ರ ಗಂಟು ಬಿಚ್ಚಲು ಬಿಳಿ 4ರಲ್ಲೇ ಕೆಲಸ ಮಾಡಬೇಕು.

ಇನ್ನು ಶ್ರುತಿಯ ವಿಷಯ. ತಂಡದವರಿಗೆ ಈ ಲೆಕ್ಕ ತೋರಿಸಿ. ಗಂಡುದನಿಯಲ್ಲಿ ಕಪ್ಪು 2ರ ತಾರ ಷಡ್ಜ ಅಂದರೆ ಸೆಕೆಂಡಿಗೆ ಸುಮಾರು 311 ಕಂಪನ. ತಾರ ಪಂಚಮ 466. ಪಶ್ಚಿಮದ ಒಪೆರಾದಲ್ಲಿ ಟೆನರ್ ಅಂತ ಎತ್ತರದ ಗಂಡುದನಿಯ ಗಾಯಕರಿದ್ದಾರೆ. ಜೀವಮಾನ ಪೂರ್ತಿ ಅದಕ್ಕೇ ತಯಾರಾದ ಅವರಿಗೂ ಆ 466 ಬೆವರು ಇಳಿಸುವ ಸ್ವರ. ಕಪ್ಪು 3ಕ್ಕೆ ಹೋದರೆ ತಾರ ಪಂಚಮ 554. ಟೆನರ್‌ಗಳು ಶಿಖರ ಅಂತ ಎಣಿಸುವ ಸ್ವರವೇ 523. ಏರು ಶ್ರುತಿಯಲ್ಲಿ ಹೇಳಿ ಗೆದ್ದವರು ಖಂಡಿತ ಇದ್ದಾರೆ. ಬಡಗಿನ ಭಾಗವತ ಕಾಳಿಂಗ ನಾವಡರ ದನಿ ಕೇಳಿ ಬೆಳೆದ ತಲೆಮಾರು ನಮ್ಮದು. 1990ರಲ್ಲಿ ಅವರು ಹೋದರು. ಆ ಎತ್ತರವನ್ನು ಹಿಡಿಯುತ್ತೇವೆ ಅಂತ ಹೊರಟ ಹುಡುಗರು ಇವತ್ತಿಗೂ ನನ್ನ ಬಾಗಿಲಿಗೆ ಬರುತ್ತಾರೆ, ಗಂಟಲು ಕಟ್ಟಿಕೊಂಡು. ನಾವಡರ ಗಂಟಲು ಅವರದು, ನಿಮ್ಮದು ನಿಮ್ಮದು. ಇಡಗುಂಜಿ ಮೇಳದಲ್ಲಿ ಎಷ್ಟೋ ವರ್ಷ ಪದ್ಯ ಹೇಳಿದ ನೆಬ್ಬೂರು ನಾರಾಯಣ ಭಾಗವತರನ್ನು ಜನ ನೆನೆಯುವುದು ಭಾವಕ್ಕೆ. ಅವರ ಶ್ರುತಿ ಯಾವ ಮನೆ ಅಂತ ಯಾರೂ ನನ್ನ ಹತ್ತಿರ ಕೇಳಿದ್ದಿಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಷ್ಟು ತಗ್ಗಿತು. ಹಳೆಯ ಶ್ರುತಿಯ ಹಿಂದೆ ಓಡಲಿಲ್ಲ ಅವರು. ಆ ತಗ್ಗಿದ ದನಿಯಲ್ಲೇ ಹಾಡಿದರು. ಇವತ್ತು ಗಂಗೂಬಾಯಿ ಅಂದರೆ ನಮ್ಮ ಕಿವಿಗೆ ಬರುವುದು ಆ ದನಿಯೇ.

"ಆಟ ಏರೋದಿಲ್ಲ" ಅನ್ನುವವರ ಕಷ್ಟವೂ ನನಗೆ ಅರ್ಥ ಆಗುತ್ತದೆ. ಹತ್ತಿರದಲ್ಲೇ ಚಂಡೆ. ಸುತ್ತ ಸದ್ದು ಜಾಸ್ತಿ ಆದಾಗ ನಮಗೆ ಗೊತ್ತಿಲ್ಲದೇ ದನಿ ಏರಿಸುತ್ತೇವೆ. ಜಾತ್ರೆಯಲ್ಲಿ ಮಾತಾಡಿದ ಹಾಗೆ. ಏರುಪದ (ಏರು ದನಿಯ ಪದ್ಯ) ಬಂತು ಅಂದರೆ ಕೇಳುವುದೇ ಬೇಡ. ಆದರೆ ಚಂಡೆಯನ್ನು ಬಲದಿಂದ ಗೆಲ್ಲಲು ಆಗುವುದಿಲ್ಲ. ಗಟ್ಟಿ ದನಿಗಿಂತ ಹರಿತ ದನಿ ದೂರ ಹೋಗುತ್ತದೆ. ನಮ್ಮ ಕಿವಿ ಜಾಸ್ತಿ ಚುರುಕಾಗಿರುವುದು 2000ದಿಂದ 4000 ಕಂಪನದ ನಡುವೆ. ಪಳಗಿದ ಭಾಗವತರ ದನಿಯಲ್ಲಿ ಕಂಚಿನ ಹಾಗೆ ಒಂದು ಮೊಳಗು ಇರುತ್ತದಲ್ಲ, ಅದು ಅಲ್ಲೇ ಇರುವುದು. ಆ ಮೊಳಗು ಬರುವುದು ಅಕ್ಷರವನ್ನು ಹಲ್ಲಿನ ಹತ್ತಿರ ಇಟ್ಟು ಹೇಳಿದರೆ. ಮೈಕಿನವರಿಗೂ ಹೇಳಿ, ನಿಮ್ಮ ದನಿ ನಿಮಗೇ ಕೇಳುವ ಹಾಗೆ ಒಂದು ಸಣ್ಣ ಸ್ಪೀಕರನ್ನು ನಿಮ್ಮ ಕಡೆ ತಿರುಗಿಸಿಡಲಿ. ಅರ್ಧ ಕಿರುಚಾಟ ಇದರಿಂದಲೇ ಹೋಗುತ್ತದೆ.

ಜ್ಯೇಷ್ಠಮಧು, ಕಲ್ಲುಸಕ್ಕರೆ, ಕಾಳುಮೆಣಸಿನ ಕಷಾಯ, ಯಾವುದೂ ವ್ಯಾಪ್ತಿ ಹೆಚ್ಚಿಸುವುದಿಲ್ಲ. ನುಂಗಿದ್ದು ತಂತುಗಳಿಗೆ ತಾಗುವುದೂ ಇಲ್ಲ. ತಾಗಿದರೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ಗಂಟಲಿನ ಮೇಲ್ಭಾಗಕ್ಕೆ ಹಿತ ಅನ್ನಿಸುತ್ತದೆ, ಅಷ್ಟಕ್ಕೆ ತೆಗೆದುಕೊಳ್ಳಿ. ನೋವು ಮುಚ್ಚಿಕೊಂಡು ಹಾಡಲಿಕ್ಕೆ ಬೇಡ. ತಂತುಗಳಿಗೆ ನೇರವಾಗಿ ತಾಗುವುದು ಹಬೆ. ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ. ರಾತ್ರಿ ಎರಡು ಗಂಟೆಗೆ ಮಿರ್ಚಿ ಭಜಿ ತಿಂದು, ಚಾ ಕುಡಿದು, ಮನೆಗೆ ಬಂದು ಮಲಗಿದರೆ ಹೊಟ್ಟೆಯ ಹುಳಿ ಮೇಲೆ ಬಂದು ತಂತುಗಳನ್ನು ಸುಡುತ್ತದೆ. ಬೆಳಿಗ್ಗೆ ಗಂಟಲು ಕಟ್ಟುವುದಕ್ಕೆ ಹಾಡು ಒಂದೇ ಕಾರಣ ಆಗಿರಬೇಕಿಲ್ಲ. ಕವಳ (ಎಲೆ–ಅಡಿಕೆ) ಹಾಕುತ್ತೀರೋ ಇಲ್ಲವೋ ನೀವು ಬರೆದಿಲ್ಲ. ತಂಬಾಕು ಇದ್ದರೆ ಬಿಟ್ಟುಬಿಡಿ, ಅದರಲ್ಲಿ ಚೌಕಾಸಿ ಇಲ್ಲ. ಇನ್ನೊಂದು ಸಂಗತಿ ತೋಟದ ಮನೆಯವರು ಮರೆತೇ ಬಿಡುತ್ತಾರೆ. ಆಟಗಳ ಕಾಲವೂ ಅಡಿಕೆ ಕೊಯ್ಲಿನ ಕಾಲವೂ ಒಂದೇ. ಚಾಲಿ (ಒಣಗಿಸಿದ ಅಡಿಕೆ) ಸುಲಿಯುವಾಗಿನ ದೂಳು, ಅಡಿಕೆ ಬೇಯಿಸುವ ಒಲೆಯ ಹೊಗೆ, ಎರಡೂ ಗಂಟಲಿಗೆ ಆಗದು. ಆಟ ಇರುವ ದಿನ ಸುಲಿಯಲು ಕೂರಬೇಡಿ. ಉಳಿದ ದಿನ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಈಗ ಮಧ್ಯಾಹ್ನದ ಹೊತ್ತಿಗೆ ಸರಿ ಹೋಗುತ್ತಿದೆ ಅಂದಿರಿ. ಗಂಟಲು ಕಟ್ಟಿದ್ದು ಎರಡು ಮೂರು ವಾರ ಬಿಡದೆ ಉಳಿದರೆ ಕಿವಿ–ಮೂಗು–ಗಂಟಲು ವೈದ್ಯರ ಹತ್ತಿರ ಹೋಗಿ ತಂತುಗಳನ್ನು ನೋಡಿಸಿ. ಬರೀ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರೆ ತಂತು ಕಾಣುವುದಿಲ್ಲ, ಕ್ಯಾಮೆರಾ ಅಥವಾ ಕನ್ನಡಿ ಬೇಕು. ಹಾಡುತ್ತಾ ಇರುವಾಗಲೇ ದನಿ ಒಮ್ಮೆಗೇ ಹೊರಟು ಹೋದರೆ ಆ ಪದ್ಯವನ್ನೂ ಮುಗಿಸಬೇಡಿ, ತಾಳ ಕೆಳಗಿಡಿ. ತಂತುವಿನ ಒಳಗೆ ರಕ್ತ ಒಸರಿದ್ದರೂ ಹೀಗಾಗುತ್ತದೆ. ದನಿ ಕಟ್ಟಿದಾಗ ಪಿಸುಗುಡುವುದೂ ವಿಶ್ರಾಂತಿ ಅಲ್ಲ. ಸುಮ್ನೆ ಇರುವುದು ಮಾತ್ರ ವಿಶ್ರಾಂತಿ.

ಶನಿವಾರಕ್ಕೆ ಮೇಲಿನ ಅಭ್ಯಾಸ ಯಾವುದೂ ಫಲ ಕೊಡುವುದಿಲ್ಲ. ಅಷ್ಟು ಬೇಗ ಏನೂ ಆಗದು. ಆ ದಿನ ಕಪ್ಪು 1ರಲ್ಲೇ ಹೇಳಿ. ಜೊತೆಗೆ ಇನ್ನೊಬ್ಬ ಭಾಗವತರು ಇದ್ದು ಅವರ ಶ್ರುತಿ ಕಪ್ಪು 2 ಆಗಿದ್ದರೆ, ಪ್ರಸಂಗದ ಮೊದಲ ಭಾಗ ನೀವು ತೆಗೆದುಕೊಳ್ಳಿ, ಏರುವ ಭಾಗ ಅವರಿಗೆ ಬಿಡಿ. ನಿಮ್ಮ ಪದ್ಯಗಳಲ್ಲಿ ಬಿಳಿ 4 ಎಲ್ಲೆಲ್ಲಿ ಬರುತ್ತದೆ ಅಂತ ಇವತ್ತೇ ಪೆನ್ಸಿಲಿನಲ್ಲಿ ಗುರುತು ಹಾಕಿ. ಅಲ್ಲಿ ನಿಲ್ಲಬೇಡಿ, ಮುಟ್ಟಿ ಇಳಿಯಿರಿ. ಮದ್ದಳೆಯವರಿಗೆ ಮಾತ್ರ ಶುಕ್ರವಾರವೇ ಫೋನ್ ಮಾಡಿ. ಕಪ್ಪು 1ಕ್ಕೆ ಬೇರೆ ಮದ್ದಳೆ ತರಬೇಕಾದರೆ ಅವರಿಗೂ ಹೊತ್ತು ಬೇಕಲ್ಲ.